ಕರೆಂಟಿನಲ್ಲಿ ತಣ್ಣಗೆ, ಗ್ಯಾಸಿನಲ್ಲಿ ಬೆಚ್ಚಗೆ: ಒಂದು ಆರ್‌ವಿ ಫ್ರಿಜ್‌ನ ಪ್ರಕರಣ

ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿರುವ ಗೆಳೆಯರೊಬ್ಬರ ಟ್ರಾವೆಲ್ ಟ್ರೇಲರ್‌ನ ಫ್ರಿಜ್ ಇದು. ಟ್ರೇಲರ್ ಅಂದ್ರೆ ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆ; ಇಂಥ ಓಡಾಡುವ ಮನೆಗಳಿಗೆಲ್ಲ ಅಲ್ಲಿ ಆರ್‌ವಿ ಅನ್ನುತ್ತಾರೆ. ಅಬ್ಸಾರ್ಪ್ಷನ್ ಫ್ರಿಜ್, ಅಂದ್ರೆ ಕಂಪ್ರೆಸರ್ ಇಲ್ಲದೆ ಶಾಖದ ಬಲದಿಂದ ತಣ್ಣಗಾಗುವಂಥದ್ದು. ಮೇಲೆ ಫ್ರೀಜರ್, ಕೆಳಗೆ ದೊಡ್ಡ ಖಾನೆ. ಪ್ರೊಪೇನ್ ಗ್ಯಾಸ್‌ನಲ್ಲೂ ಓಡುತ್ತದೆ, 120 ವೋಲ್ಟ್ ಕರೆಂಟಿನಲ್ಲೂ ಓಡುತ್ತದೆ. ಸರಿಯಾಗಿ ತಣ್ಣಗಾಗ್ತಿಲ್ಲ ಅಂತ ರಿಪೇರಿಗೆ ಒಯ್ದಾಗ ಅಂಗಡಿಯವರು ಕೂಲಿಂಗ್ ಯೂನಿಟ್ಟೇ (ಹಿಂದಿರುವ, ತಂಪು ಮಾಡುವ ಕೊಳವೆಗಳ ಜೋಡಣೆ) ಹೋಗಿದೆ, ಬದಲಾಯಿಸಬೇಕು ಎಂದು ಎರಡು ಸಾವಿರ ಡಾಲರ್ ಹತ್ತಿರದ ಲೆಕ್ಕ ಕೊಟ್ಟರು.

ಯೂನಿಟ್ ಹೋಗಿರಲಿಲ್ಲ. ಅದಕ್ಕೆ ಏನೂ ಆಗಿರಲಿಲ್ಲ. ತೊಂದರೆ ಎರಡಿದ್ದವು, ಎರಡೂ ಅದರ ಹೊರಗಿದ್ದವು, ಒಂದರ ಹಿಂದೆ ಇನ್ನೊಂದು ಅಡಗಿ ಕೂತಿತ್ತು. ಅವನ್ನು ಬೇರೆ ಮಾಡಿದ್ದು ಹೇಗೆ ಅಂತ ಪೂರ್ತಿ ಬರೆಯುತ್ತಿದ್ದೇನೆ. ಚೆನ್ನಾಗಿರುವ ಯೂನಿಟ್ ಕಿತ್ತು ಎಸೆದು ಹೊಸದು ಹಾಕಿಸಿಕೊಂಡು, ಆಮೇಲೂ ಅದೇ ಗೋಳು ಅನುಭವಿಸಿದವರನ್ನು ನೋಡಿದ್ದೇನೆ. ನಿಜಕ್ಕೂ ಬೇಜಾರಾಗುತ್ತದೆ.

ದೂರು ಏನಿತ್ತು

ಜೂನ್ ಬಂತೆಂದರೆ ಫೀನಿಕ್ಸ್ ಸುತ್ತಮುತ್ತ ಮಧ್ಯಾಹ್ನ 110 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 43 ಸೆಲ್ಸಿಯಸ್, ಮಾಮೂಲು. ಜನ ಟ್ರೇಲರ್ ಎಳೆದುಕೊಂಡು ಐ-17 ಹೆದ್ದಾರಿ ಹತ್ತಿ ಫ್ಲಾಗ್‌ಸ್ಟಾಫ್ ಕಡೆಗೆ ಓಡುತ್ತಾರೆ. ಸುಮಾರು 6,900 ಅಡಿ ಎತ್ತರ, ಪೈನ್ ಕಾಡು, ತಂಪು ಗಾಳಿ. ಇವರೂ ಹಾಗೇ ಹೋಗಿದ್ದರು. ಕರೆಂಟ್ ಸಿಗದ ಕಾಡಿನ ಜಾಗ, ಫ್ರಿಜ್ ಗ್ಯಾಸ್‌ನಲ್ಲಿತ್ತು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಡಬ್ಬದಲ್ಲಿದ್ದ ದೋಸೆ ಹಿಟ್ಟು ಉಬ್ಬಿ ಮುಚ್ಚಳ ಎತ್ತಿ ಶೆಲ್ಫ್ ಮೇಲೆಲ್ಲ ಹರಿದಿದೆ. ಮೊಸರು ಹುಳಿ ಹುಳಿ. ಫ್ರಿಜ್‌ನೊಳಗೆ ಹಿಟ್ಟು ಆ ಪರಿ ಉಬ್ಬಿದೆ ಅಂದ್ರೆ ಥರ್ಮಾಮೀಟರ್ ಇಲ್ಲದೇನೇ ಗೊತ್ತಾಗುತ್ತದೆ, ಅಲ್ವಾ.

ಮನೆಗೆ ಬಂದು ಕರೆಂಟಿಗೆ ಹಾಕಿದರು. ರಾತ್ರಿ ಚೆನ್ನಾಗಿ ತಣ್ಣಗಾಯಿತು. ಮಧ್ಯಾಹ್ನ ಮತ್ತೆ ಬಿಸಿ. ಅಲ್ಲಿಂದ ಅಂಗಡಿಗೆ ಹೋಯಿತು. ಅಂಗಡಿಯವರು ಬಿಸಿಲಲ್ಲಿ ನಿಂತ ಟ್ರೇಲರ್‌ನಲ್ಲಿ ಗ್ಯಾಸ್ ಹಚ್ಚಿ, ಕೆಲವು ಗಂಟೆ ಬಿಟ್ಟು ಬಂದು, ಒಳಗೆ ಬೆಚ್ಚಗಿದೆ ಎಂದು ತೀರ್ಪು ಕೊಟ್ಟರು. ಈ ಜಾತಿಯ ಫ್ರಿಜ್ ಬೆಚ್ಚಗಿನಿಂದ ತಣ್ಣಗಾಗಲು ಒಂದು ರಾತ್ರಿಯಾದರೂ ಬೇಕು. ಪೂರ್ತಿ ನಿಂತು ಅಳತೆ ಕೊಡಲು 24 ಗಂಟೆ. ಕೆಲವೇ ಗಂಟೆಯ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಗೋಜಲು ಇತ್ತು, ಅದೇ ನನ್ನನ್ನು ಹಿಡಿದು ಕೂರಿಸಿದ್ದು. ತಂಪಾದ ಫ್ಲಾಗ್‌ಸ್ಟಾಫ್‌ನಲ್ಲಿ ಕೆಲಸ ಮಾಡಲಿಲ್ಲ, ಸುಡುವ ಚಾಂಡ್ಲರ್‌ನಲ್ಲಿ ರಾತ್ರಿ ಹೊತ್ತು ಚೆನ್ನಾಗಿ ಮಾಡಿತು. ಸೆಖೆಯೊಂದೇ ಕಾರಣವಾಗಿದ್ದರೆ ಇದು ತಿರುವುಮುರುವು ಆಗಬೇಕಿತ್ತು.

ಒಳಗೆ ಏನು ನಡೆಯುತ್ತದೆ

ಮನೆಯ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುತ್ತದೆ. ಇದರಲ್ಲಿ ಇಲ್ಲ. ಮೋಟಾರ್ ಇಲ್ಲ, ಪಂಪ್ ಇಲ್ಲ, ಯೂನಿಟ್‌ನೊಳಗೆ ತಿರುಗುವ ಒಂದು ಭಾಗವೂ ಇಲ್ಲ. 1922ರಲ್ಲಿ ಸ್ಟಾಕ್‌ಹೋಮ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ವಿಧಾನ. 1925ರಿಂದ ಎಲೆಕ್ಟ್ರೋಲಕ್ಸ್ ಅದನ್ನು ಮಾರುಕಟ್ಟೆಗೆ ತಂದಿತು. ಇವತ್ತಿನ ಟ್ರೇಲರ್‌ಗಳ ಅಬ್ಸಾರ್ಪ್ಷನ್ ಫ್ರಿಜ್‌ಗಳಲ್ಲಿ ಇರುವುದೂ ಮೂಲದಲ್ಲಿ ಅದೇ. ಇಬ್ಬರು ಹುಡುಗರು ಮಾಡಿದ ಎಷ್ಟು ಚಂದದ ಕೆಲಸ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಭದ್ರವಾಗಿ ಬೆಸೆದ ಕೊಳವೆಗಳೊಳಗೆ ಅಮೋನಿಯಾ, ನೀರು ಮತ್ತು ಹೈಡ್ರೋಜನ್ ಇರುತ್ತವೆ. ಕಬ್ಬಿಣ ತುಕ್ಕು ಹಿಡಿಯದಿರಲಿ ಅಂತ ಸ್ವಲ್ಪ ಸೋಡಿಯಂ ಕ್ರೋಮೇಟ್. ಕೆಳಗಿನ ಬಾಯ್ಲರ್‌ಗೆ ಬೆಂಕಿಯಿಂದಲೋ ಹೀಟರ್‌ನಿಂದಲೋ ಶಾಖ ಕೊಟ್ಟರೆ ಅಮೋನಿಯಾ ಗುಳ್ಳೆಯಾಗಿ ನೀರಿನಿಂದ ಬಿಡಿಸಿಕೊಳ್ಳುತ್ತದೆ. ಅನ್ನಕ್ಕಿಟ್ಟ ಎಸರು ಕುದಿಯುವಾಗ ಗುಳ್ಳೆಗಳು ನೀರನ್ನು ಮೇಲಕ್ಕೆ ತಳ್ಳುತ್ತವಲ್ಲ, ಹಾಗೇ ಇಲ್ಲಿ ಸಣ್ಣ ಕೊಳವೆಯಲ್ಲಿ ಗುಳ್ಳೆಗಳೇ ನೀರನ್ನು ಮೇಲೆತ್ತುತ್ತವೆ. ಅಮೋನಿಯಾ ಆವಿ ಮೇಲಿನ ಕಂಡೆನ್ಸರ್‌ಗೆ ಹೋಗಿ, ಹಿಂಬದಿಯ ಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಅದು ಫ್ರೀಜರ್ ಹಿಂದಿನ ಕೊಳವೆಗೆ ಇಳಿದು ಹೈಡ್ರೋಜನ್ ಜೊತೆ ಸೇರಿದ ಕೂಡಲೇ ಮತ್ತೆ ಆವಿಯಾಗುತ್ತದೆ. ತಣ್ಣಗಾಗುವುದು ಅಲ್ಲಿ. ಮೊದಲು ಫ್ರೀಜರ್, ಆಮೇಲೆ ಕೆಳಗಿನ ಖಾನೆಯ ಅಲ್ಯೂಮಿನಿಯಂ ರೆಕ್ಕೆಗಳು. ಕೊನೆಗೆ ಆವಿ ಕೆಳಗಿಳಿದು, ಅಬ್ಸಾರ್ಬರ್ ಸುರುಳಿಯಲ್ಲಿ ನೀರಿಗೆ ಸೇರಿ, ಅಲ್ಲೂ ಶಾಖ ಬಿಟ್ಟು, ಬಾಯ್ಲರ್‌ಗೆ ವಾಪಸ್.

ಎಲ್ಲ ನಡೆಯುವುದು ಶಾಖದ ಬಲದಿಂದ ಮತ್ತು ಇಳಿಜಾರಿನಿಂದ. ಹಾಗಾಗಿ ತಣ್ಣಗಾಗದ ಫ್ರಿಜ್ ಎದುರು ನಿಂತಾಗ ನಾನು ಕೇಳುವುದು ಇಷ್ಟೇ: ಶಾಖ ಸಾಕಷ್ಟು ಒಳಗೆ ಹೋಗ್ತಿದೆಯಾ? ಹೋದ ಶಾಖ ಸಲೀಸಾಗಿ ಹೊರಗೆ ಬರ್ತಿದೆಯಾ? ಫ್ರಿಜ್ ಸಮತಟ್ಟಾಗಿ ನಿಂತಿದೆಯಾ? ಈ ಮೂರಕ್ಕೂ ಹೌದು ಅಂತ ಖಾತ್ರಿಯಾಗುವ ತನಕ ಯೂನಿಟ್ ಬಗ್ಗೆ ಮಾತೇ ಆಡಬಾರದು.

ಇವರ ಫ್ರಿಜ್‌ನಲ್ಲಿ ಫ್ರೀಜರ್ ತಕ್ಕಮಟ್ಟಿಗೆ ಗಟ್ಟಿಯಾಗಿತ್ತು, ಕೆಳಗಿನ ಖಾನೆ ಮಾತ್ರ ಬೆಚ್ಚಗೆ. ಅದೂ ಒಂದು ಸುಳಿವು. ತಂಪು ಮೊದಲು ಸಿಗುವುದು ಫ್ರೀಜರ್‌ಗೆ, ಶಕ್ತಿ ಕಡಿಮೆಯಾದರೆ ಪೆಟ್ಟು ಬೀಳುವುದು ಕೆಳಗಿನ ಖಾನೆಗೆ. ಫ್ರಿಜ್ ಸತ್ತಿಲ್ಲ, ಅರೆಹೊಟ್ಟೆಯಲ್ಲಿ ಓಡ್ತಿದೆ ಅಂತ ಇದರಿಂದ ಅನುಮಾನ ಬಂತು.

ಅಳತೆಗಳು

ಮೊದಲು ಸ್ಪಿರಿಟ್ ಲೆವೆಲ್ಲನ್ನು ಫ್ರೀಜರ್ ತಳದ ಮೇಲಿಟ್ಟು ನೋಡಿದೆವು. ಇಂಥ ಫ್ರಿಜ್‌ಗಳಿಗೆ ಸಾಮಾನ್ಯವಾಗಿ ಅಕ್ಕಪಕ್ಕ 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿವರೆಗೆ ವಾಲಿದರೆ ನಡೆಯುತ್ತದೆ. ಮನೆ ಮುಂದಿನ ಜಾಗ ಸರಿಯಾಗೇ ಇತ್ತು. ಫ್ಲಾಗ್‌ಸ್ಟಾಫ್‌ನಲ್ಲೂ ಟ್ರೇಲರ್‌ನ ಲೆವೆಲ್ ನೋಡಿಯೇ ನಿಲ್ಲಿಸಿದ್ದರು. ಅದು ಅಲ್ಲಿಗೆ ಮುಗಿಯಿತು.

ಕರೆಂಟಿನ ಕಡೆಯದು ಬೇಗ ಮುಗಿದ ಕೆಲಸ. ಈ ಮಾಡೆಲ್‌ನ ಹೀಟರ್ 325 ವ್ಯಾಟ್‌ನದು, 120 ವೋಲ್ಟ್‌ಗೆ ಲೆಕ್ಕ ಹಾಕಿದರೆ 44 ಓಮ್ ಬರಬೇಕು. ಅಷ್ಟೇ ಬಂತು. ವೋಲ್ಟೇಜ್ ಕೂಡ 118 ಇತ್ತು. ಇಲ್ಲೊಂದು ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ತುಂಬಿದ ಆರ್‌ವಿ ಪಾರ್ಕ್‌ಗಳಲ್ಲಿ ಎಲ್ಲರೂ ಎ.ಸಿ. ಹಾಕಿದಾಗ ವೋಲ್ಟೇಜ್ 108ಕ್ಕೆ ಇಳಿದರೆ, ಹೀಟರ್ ಕೊಡುವ ಶಾಖ ನೂರಕ್ಕೆ 19ರಷ್ಟು ಕಡಿಮೆಯಾಗುತ್ತದೆ, ಏಕೆಂದರೆ ಶಾಖ ಇಳಿಯುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಹೀಟರ್ ಚೆನ್ನಾಗಿದ್ದೂ ಫ್ರಿಜ್ ಸೊರಗುತ್ತದೆ. ಮೀಟರ್ ಹಿಡಿಯದೆ ಇದು ಗೊತ್ತಾಗುವುದೇ ಇಲ್ಲ.

ಆಮೇಲೆ ಮುಖ್ಯ ಪರೀಕ್ಷೆ. ಫ್ರಿಜ್ ಖಾಲಿ ಮಾಡಿ, ನಡುವಿನ ಶೆಲ್ಫ್‌ನಲ್ಲಿ ಒಂದು ಲೋಟ ನೀರು ಇಟ್ಟು ಅದರಲ್ಲಿ ಥರ್ಮಾಮೀಟರ್ ಮುಳುಗಿಸಿಟ್ಟೆವು. ಗಾಳಿಯ ಉಷ್ಣತೆ ಅಳೆದರೆ ಬಾಗಿಲು ತೆಗೆದ ತಕ್ಷಣ ಏರಿಬಿಡುತ್ತದೆ, ನೀರು ನಿಜ ಹೇಳುತ್ತದೆ. ಒಂದು ಪೂರ್ತಿ ದಿನ ಕರೆಂಟಿನಲ್ಲಿ, ಒಂದು ಪೂರ್ತಿ ದಿನ ಗ್ಯಾಸ್‌ನಲ್ಲಿ, ಎರಡೂ ಚಾಂಡ್ಲರ್‌ನಲ್ಲೇ. ಚಾಂಡ್ಲರ್‌ನಲ್ಲೇ ಯಾಕೆ ಅಂದ್ರೆ, ಈ ಫ್ರಿಜ್‌ನ ಕೈಪಿಡಿಯಲ್ಲೇ 5,500 ಅಡಿ ಮೇಲೆ ಗ್ಯಾಸ್‌ನಲ್ಲಿ ತಂಪು ಕಡಿಮೆಯಾಗಬಹುದು, ಬೆಂಕಿ ಆರಲೂಬಹುದು ಎಂದು ಬರೆದಿದೆ. ಎತ್ತರದಲ್ಲಿ ಗಾಳಿ ತೆಳು. ಫ್ಲಾಗ್‌ಸ್ಟಾಫ್‌ನ ಸೋಲಿಗೆ ಎತ್ತರ ಕಾರಣವೋ, ಬರ್ನರ್ ಕಾರಣವೋ ಅಂತ ಅಲ್ಲೇ ನಿಂತು ಹೇಳಲು ಸಾಧ್ಯವಿರಲಿಲ್ಲ. ತಗ್ಗಿನಲ್ಲೂ ಗ್ಯಾಸ್ ಸೋತರೆ ಎತ್ತರದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಬಂದ ಅಂಕಿಗಳು ಹೀಗಿವೆ, ಇಲ್ಲಿಂದ ಮುಂದೆ ಉಷ್ಣತೆಯೆಲ್ಲ ಫ್ಯಾರನ್‌ಹೀಟ್‌ನಲ್ಲೇ. ಕರೆಂಟಿನಲ್ಲಿ ಬೆಳಗಿನ ಜಾವ 37 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 3 ಸೆಲ್ಸಿಯಸ್. ಸಂಜೆ 5ಕ್ಕೆ 52. ಗ್ಯಾಸ್‌ನಲ್ಲಿ ಬೆಳಗಿನ ಜಾವವೇ 50, ಸಂಜೆಗೆ 58. ಆಹಾರ ಕೆಡದಿರಲು 40 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು ಅನ್ನುವುದು ಅಮೆರಿಕದ ಸರಕಾರದ ಸಲಹೆ.

ಈ ನಾಲ್ಕು ಅಂಕಿಗಳಲ್ಲೇ ಎಲ್ಲ ಇದೆ, ನಿಧಾನವಾಗಿ ನೋಡಿ. ಅಮೋನಿಯಾ ಸೋರಿದ ಯೂನಿಟ್, ಅಥವಾ ಒಳಗೆ ಕಟ್ಟಿಕೊಂಡ ಯೂನಿಟ್, ಬೆಳಗಿನ ಜಾವ 37 ಡಿಗ್ರಿ ಕೊಡುವುದಿಲ್ಲ. ಅಂದ್ರೆ ಯೂನಿಟ್ ಚೆನ್ನಾಗಿದೆ. ಅದೇ ತಂಪಿನ ಹೊತ್ತಲ್ಲಿ ಗ್ಯಾಸ್ 50ಕ್ಕೇ ನಿಂತಿದೆ, ಅಂದ್ರೆ ಬೆಂಕಿಯಿಂದ ಬರುವ ಶಾಖ ಸಾಲುತ್ತಿಲ್ಲ. ಕರೆಂಟಿನ ಶಾಖ ಸರಿಯಾಗಿದ್ದರೂ ಮಧ್ಯಾಹ್ನ 52ಕ್ಕೆ ಏರುತ್ತದೆ, ಅಂದ್ರೆ ಬಿಸಿಲಿನ ಹೊತ್ತಲ್ಲಿ ಶಾಖ ಹೊರಗೆ ಹೋಗುತ್ತಿಲ್ಲ. ಎರಡು ರೋಗ. ಅಂಗಡಿಯವರು ಪರೀಕ್ಷೆ ಮಾಡಿದ್ದು ಗ್ಯಾಸ್‌ನಲ್ಲಿ, ಅದೂ ಮಧ್ಯಾಹ್ನ, ಎರಡೂ ಒಟ್ಟಿಗೆ ಇದ್ದ ಹೊತ್ತಲ್ಲಿ. ಸತ್ತ ಯೂನಿಟ್ ಥರ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಬೆಂಕಿಯ ಕಡೆ

ಮೊದಲು ಗ್ಯಾಸ್ ಒತ್ತಡ. ಆರ್‌ವಿಯ ಪ್ರೊಪೇನ್ ಸಾಧನಗಳಿಗೆ 11 ಇಂಚು ನೀರಿನ ಒತ್ತಡ ಬೇಕು. ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ನೀರು ತುಂಬಿ, ಒಂದು ತುದಿಯನ್ನು ಫ್ರಿಜ್‌ನ ಗ್ಯಾಸ್ ಪರೀಕ್ಷೆಯ ಕಿಂಡಿಗೆ ಸೇರಿಸಿದರೆ, ಎರಡು ಕಡೆಯ ನೀರಿನ ಮಟ್ಟದ ನಡುವಿನ ಅಂತರವೇ ಒತ್ತಡ. ಗೆಳೆಯರ ಮಗಳು ಟೇಪ್ ಹಿಡಿದು ಅಳೆದಳು. 11 ಇಂಚಿಗೆ ಕೂದಲೆಳೆ ಕಡಿಮೆ. ಒಲೆ ಹಚ್ಚಿಯೂ ನೋಡಿದೆವು, ಇಳಿಯಲಿಲ್ಲ. ರೆಗ್ಯುಲೇಟರ್ ಸರಿ ಇದೆ.

ಹೊರಗೋಡೆಯ ಕೆಳ ವೆಂಟ್, ಅಂದ್ರೆ ಗಾಳಿ ಕಿಂಡಿಯ ಮುಚ್ಚಳ ತೆಗೆದು, ಬರ್ನರ್ ಮುಂದಿನ ತಗಡು ಬಿಚ್ಚಿದೆವು. ಸರಿಯಾದ ಬೆಂಕಿ ನೀಲಿಯಾಗಿ, ನೆಟ್ಟಗೆ, ಸಣ್ಣಗೆ ಗುಂಯ್‌ಗುಡುತ್ತಾ ಉರಿಯಬೇಕು. ಇಲ್ಲಿ ಸದ್ದೇ ಇಲ್ಲ. ಕುಳ್ಳು ಬೆಂಕಿ, ತುದಿ ಹಳದಿ, ಒಂದು ಕಡೆಯ ಸೀಳುಗಳಲ್ಲಿ ಉರಿಯೇ ಇಲ್ಲ. ಬರ್ನರ್ ಮೇಲೆ ಕಿತ್ತಳೆ ಬಣ್ಣದ ತುಕ್ಕಿನ ಚಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದವು. ಹೊಗೆ ಕೊಳವೆಯ ಒಳಗೋಡೆಯಿಂದ ಉದುರಿದ್ದು ಅವು. ಬರ್ನರ್‌ಗೆ ಗಾಳಿ ಹೋಗುವ ರಂಧ್ರದಲ್ಲಿ ಜೇಡರ ಬಲೆಯೂ ಇತ್ತು. ಪ್ರೊಪೇನ್‌ಗೆ ವಾಸನೆ ಬರಲಿ ಅಂತ ಬೆರೆಸುವ ವಸ್ತುವಿಗೆ ಜೇಡಗಳು ಬರುತ್ತವೆ ಅಂತ ಆರ್‌ವಿ ಜನ ಹೇಳುತ್ತಾರೆ. ಕಾರಣ ಏನೇ ಇರಲಿ, ಟ್ರೇಲರ್ ಕೆಲವು ತಿಂಗಳು ಸುಮ್ನೆ ನಿಂತಿದ್ದರೆ ಬಲೆ ಸಿಗುವುದು ಅಪರೂಪವೇನಲ್ಲ.

ಟ್ಯಾಂಕ್ ಬಂದ್ ಮಾಡಿ, ಎಲ್ಲ ಆರಲು ಬಿಟ್ಟು, ಮೇಲಿನ ವೆಂಟ್‌ನಿಂದ ಕೈ ಹಾಕಿ ಹೊಗೆ ಕೊಳವೆಯ ಬ್ಯಾಫಲ್ ಎಳೆಯಲು ಹೋದರೆ ಬರೀ ತಂತಿಯ ತುಂಡು ಕೈಗೆ ಬಂತು. ಬ್ಯಾಫಲ್ ಅಂದ್ರೆ ಸುರುಳಿಯಾಗಿ ತಿರುಚಿದ ಲೋಹದ ಪಟ್ಟಿ. ಕೊಳವೆಯೊಳಗೆ ತಂತಿಯಲ್ಲಿ ನೇತಾಡುತ್ತಾ, ಬಿಸಿ ಹೊಗೆಯನ್ನು ಸುತ್ತಿಸಿ ಬಾಯ್ಲರ್ ಗೋಡೆಗೆ ತಾಗುವ ಹಾಗೆ ಮಾಡುತ್ತದೆ. ಅದು ಇಲ್ಲದಿದ್ದರೆ, ಅಥವಾ ಜಾಗ ತಪ್ಪಿದರೆ, ಶಾಖ ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ. ಇಲ್ಲಿ ತಂತಿ ತುಕ್ಕು ಹಿಡಿದು ತುಂಡಾಗಿ, ಪಟ್ಟಿ ಜಾರಿ ಬರ್ನರ್ ತಲೆಯ ಮೇಲೆಯೇ ಕೂತು ಬೆಂಕಿಯನ್ನೂ ಅದುಮಿತ್ತು. ಟ್ರೇಲರ್ ಹೆದ್ದಾರಿಯಲ್ಲಿ ಕುಲುಕಾಡುವಾಗ ಬಿದ್ದಿರಬೇಕು.

ಬರ್ನರ್ ಬಿಚ್ಚಿ ತೆಗೆದು, ಕೊಳವೆಯನ್ನು ಮೇಲಿನಿಂದ ಬ್ರಷ್ ಹಾಕಿ ಉಜ್ಜಿದೆವು. ಕಣ್ಣಿಗೆ ಕನ್ನಡಕ ಬೇಕೇ ಬೇಕು, ತುಕ್ಕಿನ ಪುಡಿ ಬಕೆಟ್‌ಗಟ್ಟಲೆ ಅಲ್ಲದಿದ್ದರೂ ಮುಷ್ಟಿಗಟ್ಟಲೆ ಉದುರುತ್ತದೆ. ಜೆಟ್‌ಗೆ, ಅಂದ್ರೆ ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಭಾಗಕ್ಕೆ, ಸೂಜಿ ಹಾಕಿ ಚುಚ್ಚಬಾರದು. ಆ ತೂತಿನ ಅಳತೆ ಸ್ವಲ್ಪ ದೊಡ್ಡದಾದರೂ ಗ್ಯಾಸ್ ಜಾಸ್ತಿ ಬಂದು ಮಸಿ ಕಟ್ಟುತ್ತದೆ. ಆಲ್ಕೋಹಾಲ್‌ನಲ್ಲಿ ನೆನೆಸಿ ಒಣಗಿಸಬಹುದು, ನಾವು ಹೊಸದೇ ಹಾಕಿದೆವು, ಬೆಲೆ ಜಾಸ್ತಿ ಏನಿಲ್ಲ. ಬ್ಯಾಫಲ್‌ಗೆ ಹೊಸ ಸ್ಟೀಲ್ ತಂತಿ ಕಟ್ಟಿ, ಕೈಪಿಡಿಯಲ್ಲಿ ಬರೆದ ಎತ್ತರಕ್ಕೇ ಇಳಿಬಿಟ್ಟೆವು. ಬಿಚ್ಚಿದ ಪ್ರತಿ ಗ್ಯಾಸ್ ಜೋಡಣೆಗೂ ಲೀಕ್ ಡಿಟೆಕ್ಟರ್ ದ್ರಾವಣ ಹಚ್ಚಿ ಗುಳ್ಳೆ ಬರುತ್ತಾ ನೋಡಿದ ಮೇಲೇ ಬೆಂಕಿ ಹಚ್ಚಿದ್ದು. ಇದನ್ನು ಬಿಟ್ಟು ಮುಂದೆ ಹೋಗುವವರ ಟ್ರೇಲರ್‌ನಲ್ಲಿ ನಾನು ಮಲಗುವುದಿಲ್ಲ.

ಗುಂಯ್ ಅನ್ನುವ ಸದ್ದು ಬಂತು. ನೀಲಿ ಬೆಂಕಿ. ಮಾರನೇ ಬೆಳಿಗ್ಗೆ ಗ್ಯಾಸ್‌ನಲ್ಲಿ 38.

ಗಾಳಿಯ ಕಡೆ

ಸಂಜೆ ಮತ್ತೆ 51. ನಿರೀಕ್ಷೆ ಇದ್ದದ್ದೇ, ಎರಡನೇ ರೋಗ ಹಾಗೇ ಇತ್ತಲ್ಲ.

ಹಳೇ ಟ್ರೇಲರ್‌ಗಳಲ್ಲಿ ಫ್ರಿಜ್ ಹಿಂದಿನ ಬಿಸಿ ಗಾಳಿ ನೆಟ್ಟಗೆ ಸೂರಿನ ವೆಂಟ್‌ನಿಂದ ಹೊರಗೆ ಹೋಗುತ್ತದೆ. ಇವರ ಫ್ರಿಜ್ ಇರುವುದು ಸ್ಲೈಡ್-ಔಟ್‌ನಲ್ಲಿ, ಅಂದ್ರೆ ನಿಂತಾಗ ಹೊರಗೆ ಚಾಚುವ ಕೋಣೆಯಲ್ಲಿ. ಅದಕ್ಕೆ ಸೂರಿನ ವೆಂಟ್ ಕೊಡಲಾಗುವುದಿಲ್ಲ, ಕೆಳಗೊಂದು ಮೇಲೊಂದು ವೆಂಟ್, ಎರಡೂ ಪಕ್ಕದ ಗೋಡೆಯಲ್ಲೇ. ಗಾಳಿಯ ಎಳೆತ ಮೊದಲೇ ಕಡಿಮೆ. ಟಾರ್ಚ್ ಹಾಕಿ ಕೆಳಗಿನಿಂದ ನೋಡಿದರೆ ಕಂಡೆನ್ಸರ್ ರೆಕ್ಕೆಗಳಿಗೂ ಹೊರಗೋಡೆಗೂ ನಡುವೆ ಮೂರು ಇಂಚು ಖಾಲಿ ಜಾಗ. ಅದು ಒಂದು ಇಂಚಿನೊಳಗೆ ಇರಬೇಕು. ಗಾಳಿಗೆ ಅಗಲ ದಾರಿ ಸಿಕ್ಕಿದರೆ ಅದು ರೆಕ್ಕೆಗಳನ್ನು ಮುಟ್ಟದೇ ಗೋಡೆ ಪಕ್ಕದಲ್ಲೇ ಏರಿ ಹೋಗಿಬಿಡುತ್ತದೆ. ಜೊತೆಗೆ ಮೇಲಿನ ವೆಂಟ್‌ಗಿಂತಲೂ ಮೇಲೆ, ಸೂರಿನ ಕೆಳಗೆ ಒಂದು ಮೂಲೆಯಲ್ಲಿ ಬಿಸಿ ಗಾಳಿ ಹೊರದಾರಿ ಸಿಗದೇ ನಿಂತಿತ್ತು. ಸಂಜೆ 4ಕ್ಕೆ ಅಲ್ಲಿ 138 ಡಿಗ್ರಿ. ಆ ಬಿಸಿಯಲ್ಲಿ ಅಮೋನಿಯಾ ಆವಿ ದ್ರವವಾಗುವುದಾದರೂ ಹೇಗೆ?

ಇದು ಹಾಳಾದದ್ದಲ್ಲ, ಜೋಡಿಸುವಾಗಲೇ ಹೀಗಿತ್ತು. ಹೊಸ ಟ್ರೇಲರ್‌ಗಳಲ್ಲೂ ಕಾಣುತ್ತೇನೆ. ಕೊಂಡವರು ಬಿಸಿಲು ಜಾಸ್ತಿ, ಫ್ರಿಜ್ ಏನು ಮಾಡೀತು ಅಂತ ಸುಮ್ಮನಾಗುತ್ತಾರೆ. ಕಟ್ಟುವವರು ಒಂದು ತಗಡು ಬಗ್ಗಿಸಿ ಹಾಕಿದ್ದರೆ ಸಾಕಿತ್ತು ಅನ್ನುವಾಗ ಕೋಪ ಬರುತ್ತದೆ.

ಗ್ಯಾಲ್ವನೈಸ್ಡ್ ತಗಡನ್ನು ಬಗ್ಗಿಸಿ ಹೊರಗೋಡೆಯ ಒಳಮೈಗೆ ಸ್ಕ್ರೂ ಹಾಕಿದೆವು, ರೆಕ್ಕೆಗಳ ಹಿಂದೆ ಮುಕ್ಕಾಲು ಇಂಚು ಮಾತ್ರ ಉಳಿಯುವ ಹಾಗೆ. ಇನ್ನೊಂದು ತಗಡನ್ನು ಮೇಲಿನ ಮೂಲೆಗೆ ಓರೆಯಾಗಿ ಹಾಕಿ, ಬಿಸಿ ಗಾಳಿ ವೆಂಟ್ ಕಡೆಗೇ ತಿರುಗುವ ಹಾಗೆ ಮಾಡಿದೆವು. ಪ್ಲೈವುಡ್, ಫೋಮ್ ಇಂಥವು ಬೇಡ, ಪಕ್ಕದಲ್ಲೇ ಬೆಂಕಿ ಇದೆ. ಮೇಲಿನ ವೆಂಟ್ ಒಳಗೆ 12 ವೋಲ್ಟ್‌ನ ಎರಡು ಚಿಕ್ಕ ಫ್ಯಾನ್, ಕಂಡೆನ್ಸರ್ ಬಿಸಿಯಾದಾಗ ತಾನೇ ಶುರುವಾಗುವ ಥರ್ಮೋಸ್ಟಾಟ್ ಸ್ವಿಚ್. ಫ್ಯಾನ್ ಕೆಳಗೆ ಹಾಕಿದರೆ ಬರ್ನರ್ ಬೆಂಕಿ ಅಲುಗಾಡಿ ಆರಬಹುದು, ಅದಕ್ಕೇ ಮೇಲೆ. ಟ್ರೇಲರ್‌ನ ಆ ಪಕ್ಕ ಪಶ್ಚಿಮಕ್ಕೆ ಮುಖ ಮಾಡಿತ್ತು, ಅದನ್ನೂ ತಿರುಗಿಸಿ ನಿಲ್ಲಿಸಿದೆವು.

ಬಾಗಿಲಿನ ರಬ್ಬರ್ ಕೊನೆಗೆ ನೋಡಿದ್ದು. ಒಂದು ಡಾಲರ್ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ ಬಿಗಿಯಾಗಿ ಬರಬೇಕು. ಕೆಳಮೂಲೆಯಲ್ಲಿ ಸಲೀಸಾಗಿ ಜಾರಿತು. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ರಬ್ಬರ್ ಎಳೆದು ಕೂರಿಸಿದ ಮೇಲೆ ಹಿಡಿಯಿತು.

ಹೊರಗೆ 109 ಡಿಗ್ರಿ ಇದ್ದ ಸಂಜೆ, ಗ್ಯಾಸ್‌ನಲ್ಲಿ, ಲೋಟದ ನೀರು 41. ಅದೇ ಮೇಲಿನ ಮೂಲೆಯಲ್ಲಿ 121. ಒಳಗಿನ ಖಾನೆಯ ರೆಕ್ಕೆಗೆ ಸಿಕ್ಕಿಸಿದ್ದ ಥರ್ಮಿಸ್ಟರನ್ನು, ಅಂದ್ರೆ ಉಷ್ಣತೆ ಗ್ರಹಿಸುವ ಸಣ್ಣ ಭಾಗವನ್ನು, ಸ್ವಲ್ಪ ಮೇಲಕ್ಕೆ ಸರಿಸಿದಾಗ 39.

ಯೂನಿಟ್ ಹೋಗಿದೆ ಅಂತ ಯಾವಾಗ ಒಪ್ಪುತ್ತಿದ್ದೆ

ಹಿಂದೆ ಹಳದಿ ಪುಡಿ ಕಂಡಿದ್ದರೆ. ಅದು ಹೊರಗೆ ಬಂದ ಸೋಡಿಯಂ ಕ್ರೋಮೇಟ್, ವಿಷ, ಬರಿಗೈಯಲ್ಲಿ ಮುಟ್ಟಬೇಡಿ. ಒಳಗೆ ಅಮೋನಿಯಾದ ಘಾಟು ಬಂದಿದ್ದರೂ ಅಷ್ಟೇ: ಫ್ರಿಜ್ ಆರಿಸಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ, ಒಳಗಿರುವ ಹೈಡ್ರೋಜನ್ ಉರಿಯುವ ಅನಿಲ. ಅಥವಾ ಸರಿಯಾದ ವೋಲ್ಟೇಜ್, ಸರಿಯಾದ ಹೀಟರ್, ಸಮತಟ್ಟು ನೆಲ, ತಂಪು ರಾತ್ರಿ ಎಲ್ಲ ಇದ್ದೂ, ಬಾಯ್ಲರ್ ಕಡೆ ಸುಡುತ್ತಿದ್ದೂ, ಬೆಳಿಗ್ಗೆ ಒಳಗೆ ತಂಪಿಲ್ಲದಿದ್ದರೆ. ವಾಲಿದ ನೆಲದಲ್ಲಿ ಬಹಳ ಕಾಲ ಓಡಿಸಿದ ಯೂನಿಟ್‌ಗಳಿಗೆ ಹೀಗಾಗುತ್ತದೆ: ದ್ರವ ವಾಪಸ್ ಬರದೆ ಬಾಯ್ಲರ್ ವಿಪರೀತ ಕಾಯ್ದು ಒಳಗಿನ ಕೊಳವೆ ಕಟ್ಟಿಕೊಳ್ಳುತ್ತದೆ. ಫ್ರಿಜ್ ಕಿತ್ತು ತಲೆಕೆಳಗು ಮಾಡಿಟ್ಟರೆ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ. ಎಲ್ಲೋ ಒಂದೆರಡು ಸಲ ಸ್ವಲ್ಪ ದಿನ ಓಡಿದ್ದಿರಬಹುದು, ನಾನಂತೂ ಹೇಳಿಕೊಡುವುದಿಲ್ಲ. ಬೆಸೆದ ಕೊಳವೆಗೆ ಡ್ರಿಲ್ ಅಥವಾ ವೆಲ್ಡಿಂಗ್ ಮುಟ್ಟಿಸುವ ಮಾತೇ ಇಲ್ಲ. ಇಂಥ ಫ್ರಿಜ್‌ಗಳನ್ನು ಬೆಂಕಿಯ ಅಪಾಯಕ್ಕಾಗಿ ಅಮೆರಿಕದಲ್ಲಿ ರೀಕಾಲ್ ಮಾಡಿದ್ದೂ ಉಂಟು, ಅಂದ್ರೆ ತಯಾರಕರೇ ದೋಷ ಸರಿಪಡಿಸಲು ವಾಪಸ್ ಕರೆದಿದ್ದು. ಸೆಕೆಂಡ್ ಹ್ಯಾಂಡ್ ಟ್ರೇಲರ್ ಕೊಂಡವರು ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಹಿಡಿದು ಮೊದಲು ಅದನ್ನು ನೋಡಿಕೊಳ್ಳಿ. ಇವರದಕ್ಕೆ ಬಾಕಿ ಏನೂ ಇರಲಿಲ್ಲ.

ಆಮೇಲೆ ಅವರು ಮತ್ತೆ ಫ್ಲಾಗ್‌ಸ್ಟಾಫ್‌ಗೆ ಹೋದರು. ಹೊರಡುವ ಹಿಂದಿನ ರಾತ್ರಿ ಕರೆಂಟಿನಲ್ಲಿ ತಣ್ಣಗೆ ಮಾಡಿ, ಸಾಮಾನನ್ನೂ ಮನೆ ಫ್ರಿಜ್‌ನಲ್ಲಿ ತಂಪು ಮಾಡಿಯೇ ತುಂಬಿದರು. ಸಾಂಬಾರ್ ಪಾತ್ರೆ ಬಿಸಿ ಇರುವಾಗಲೇ ಒಳಗಿಡುವ ಅಭ್ಯಾಸ ಬಿಟ್ಟಿದ್ದಾರೆ, ಶೆಲ್ಫ್‌ಗಳ ನಡುವೆ ಗಾಳಿ ಆಡಲು ಜಾಗವನ್ನೂ ಬಿಟ್ಟಿದ್ದಾರೆ. ಕಾಡಿನಲ್ಲಿ ಗ್ಯಾಸ್‌ನಲ್ಲಿ ಬೆಳಿಗ್ಗೆ 40, ಮಧ್ಯಾಹ್ನ 42. ಎತ್ತರದ್ದೂ ಸ್ವಲ್ಪ ಪಾಲಿದೆ ಅಂತ ಈಗ ಹೇಳಬಹುದು, ಅದೇ ಫ್ರಿಜ್ ಬೆಳಗಿನ ಜಾವ ಚಾಂಡ್ಲರ್‌ನಲ್ಲಿ ಗ್ಯಾಸ್ ಮೇಲೇ 38 ಕೊಟ್ಟಿತ್ತು. ಆ ಎರಡು ಡಿಗ್ರಿಗೆ ಮದ್ದು ಇಲ್ಲ. ಹಾಲು, ಮಾಂಸ ಇಂಥವನ್ನು ರೆಕ್ಕೆಗಳ ಹತ್ತಿರ ಇಡಲು ಹೇಳಿದ್ದೇನೆ, ಬಹಳ ದಿನ ಉಳಿಯುವುದಾದರೆ ಕರೆಂಟ್ ಇರುವ ಜಾಗ ನೋಡಿಕೊಳ್ಳಲು ಹೇಳಿದ್ದೇನೆ. ಬರುವ ವಸಂತದಲ್ಲಿ ಬರ್ನರ್ ಬಿಚ್ಚಿ ಮತ್ತೊಮ್ಮೆ ಉಜ್ಜಬೇಕು, ಕೊಳವೆಯ ಒಳಗೋಡೆಯಲ್ಲಿ ತುಕ್ಕು ಇನ್ನೂ ಇದೆ.